ಮುಚ್ಚಳ ಕಳ್ಳನ ಬೆನ್ನು

ನಮ್ಮೂರಿನ ಚಿತ್ರಶಾಲೆಯಲ್ಲಿ ಬೇರೆಯವರ ಪಾತ್ರವನ್ನು ಕದ್ದು ಬರೆದರೆ ಸಿಕ್ಕಿಬೀಳುವುದು ಬಹಳ ಸುಲಭ. ಮೇಷ್ಟ್ರು ಹಳೆಯ ಪುಸ್ತಕಗಳನ್ನು ಹುಡುಕಿ ತಾಳೆ ನೋಡಬೇಕಾಗಿಲ್ಲ. "ಮನೆಗೆ ಯಾರಾದ್ರೂ ಬಂದ್ರೇನಮ್ಮ?" ಎಂದು ಕೇಳಿದರೆ ಮುಗಿಯಿತು. ಸ್ವಂತವಾಗಿ ಹುಟ್ಟಿಸಿದ ಪಾತ್ರವಾದರೆ ಬರೆದ ಮಾರನೆಯ ದಿನವೋ, ವಾರ ಬಿಟ್ಟೋ ಅದು ಬಂದು ಬಾಗಿಲು ತಟ್ಟುತ್ತದೆ. ಎಲ್ಲಿಂದಲೋ ನೋಡಿ ಇಳಿಸಿದ್ದಾದರೆ ಯಾರೂ ಬರುವುದಿಲ್ಲ. ಕ್ಯಾಲೆಂಡರಿನ ದೇವರುಗಳನ್ನು ನಮ್ಮೂರಲ್ಲಿ ಅದೆಷ್ಟು ಜನ ಬರೆದಿದ್ದಾರೋ, ಇದುವರೆಗೆ ಒಬ್ಬ ದೇವರೂ ಬಂದಿಲ್ಲ. ಅದಕ್ಕೆ ಯಾರೂ ಬೇಜಾರು ಮಾಡಿಕೊಂಡಿಲ್ಲ, ಬಂದರೆ ಮಡಿ ಮೈಲಿಗೆ ಯಾರು ನೋಡಿಕೊಳ್ಳುವುದು.

ಹೀಗೆ ಬಂದವರನ್ನು ನಾವು 'ಬಂದವರು' ಎಂದೇ ಕರೆಯುತ್ತೇವೆ. ಬೇಕರಿಯಲ್ಲಿ ಗಲ್ಲಾದ ಹಿಂದೆ ಕೂರುವ ನೀಲಿ ಕೆನ್ನೆಯ ಹೆಂಗಸು ನಮ್ಮವ್ವ ಚಿಕ್ಕವಳಿದ್ದಾಗ ಬಂದವಳು. ಪಂಪ್‌ಹೌಸಿನ ಕಾವಲುಗಾರನಿಗೆ ಒಂದು ಕಿವಿ ಇಲ್ಲ, ಬರೆದ ಹುಡುಗ ಅಷ್ಟರಲ್ಲಿ ಪರೀಕ್ಷೆ ಬಿಟ್ಟು ಮದುವೆಯಾದನಂತೆ. ಇವರಲ್ಲಿ ಯಾರಿಗೂ ಬೆನ್ನಿಲ್ಲ. ಬೆನ್ನಿನ ಜಾಗ ಟೊಳ್ಳು ಅಂತಲ್ಲ, ಅದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ನೀವು ಎಲ್ಲಿ ನಿಂತರೂ ಅವರು ನಿಮ್ಮ ಎದುರಿಗೋ ಪಕ್ಕಕ್ಕೋ ಇರುತ್ತಾರೆ. ಎರಡೂ ಕಡೆ ಜನ ನಿಂತರೆ ಪಾಪ ಗೋಡೆ ಹುಡುಕುತ್ತಾರೆ. ಹಾಗಾಗಿ ನಮ್ಮೂರಿನ ಬಸ್ಸುಗಳಲ್ಲಿ ಹಿಂದಿನ ಉದ್ದ ಸೀಟು ಅವರಿಗೆ ಮೀಸಲು. ಕ್ಷೌರದಂಗಡಿಯವನು ಅವರಿಂದ ಅರ್ಧ ದುಡ್ಡು ತಗೊಳ್ಳುತ್ತಾನೆ.

ಬೆನ್ನಿಲ್ಲದಿರುವುದಕ್ಕೆ ಕಾರಣ ಏನೆಂದರೆ ನಾವು ಬರೆಯುವುದಿಲ್ಲ. ಎದುರಿನಿಂದ ಬರೆಯುತ್ತೇವೆ, ಪಕ್ಕದಿಂದ ಬರೆಯುತ್ತೇವೆ, ಹಿಂದಿನಿಂದ ಬರೆಯುವುದಿಲ್ಲ. ಬಹಳ ಹಿಂದೆ ಚಿತ್ರಶಾಲೆಯ ಹೆಡ್‌ಮಾಸ್ಟರೊಬ್ಬರು ತಾವೇ ಕಲ್ಪಿಸಿದ ಒಂದು ಆನೆಯನ್ನು ಹಿಂದಿನಿಂದಲೂ ಬರೆದು ನೋಡಿದರಂತೆ. ಆಗಲೇ ಶಾಲೆಯ ಅಂಗಳದಲ್ಲಿ ಮಕ್ಕಳನ್ನು ಆಡಿಸಿಕೊಂಡಿದ್ದ ಆನೆ ಮೆಲ್ಲಗೆ ತಿರುಗಿ, ಬಾಲ ಬೀಸುತ್ತ ಗೇಟು ದಾಟಿ ಹೋಯಿತು. ಮತ್ತೆ ಬರಲಿಲ್ಲ. ಮಕ್ಕಳು ವಾರಗಟ್ಟಲೆ ಊಟ ಬಿಟ್ಟವು. ಆಮೇಲೆ ಯಾರೂ ಬೆನ್ನಿನ ತಂಟೆಗೆ ಹೋಗಲಿಲ್ಲ.

ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ಚಿತ್ರಕಥೆಯ ಪುಸ್ತಕ ಮಾಡಬೇಕು. ಕಥೆ, ಪಾತ್ರ, ಮಾತು, ಬಣ್ಣ ಎಲ್ಲವೂ ಸ್ವಂತದ್ದು. ನಾನು ಮೊದಲು ಎರಡು ಜಡೆಯ ಧೈರ್ಯವಂತ ಹುಡುಗಿಯೊಬ್ಬಳನ್ನು ಬರೆದೆ. ಅವ್ವ ಎಂಟು ದಿನ ಅವಳಿಗೂ ಸೇರಿಸಿ ರೊಟ್ಟಿ ತಟ್ಟಿದಳು, ಹುಡುಗಿ ಬರಲಿಲ್ಲ. ಆಮೇಲೆ ಭೂತಗನ್ನಡಿ ಹಿಡಿದ ಪತ್ತೇದಾರ, ಹಾರುವ ನಾಯಿ, ಮಾತಾಡುವ ಕೊಡೆ. ಯಾರೂ ಬರಲಿಲ್ಲ. "ನಿನ್ನ ತಲೇಲಿ ಸ್ವಂತದ್ದು ಏನಾದ್ರೂ ಐತೇನೆ ವಾರಿಜಾ?" ಎಂದು ಅವ್ವ ಕೇಳಿದಳು. ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದ್ದು, ಅದಕ್ಕೇ ಹೆಚ್ಚು ನೋವಾಯಿತು.

ಆ ವರ್ಷವೇ ಪದ್ಮಪ್ರಭ ಸರ್ ಹೊರಗಿನಿಂದ ನಮ್ಮ ಚಿತ್ರಶಾಲೆಗೆ ಬಂದರು. ಹಳೆಯ ವಿದ್ಯಾರ್ಥಿಗಳ ಪುಸ್ತಕಗಳನ್ನೆಲ್ಲ ಓದಿ ಅವರು ಸುಸ್ತಾದರು. ಕಳೆದುಹೋದ ಮೇಕೆ ಸಿಗುವುದು, ಮುನಿಸಿಕೊಂಡ ಅಣ್ಣತಮ್ಮಂದಿರು ಒಂದಾಗುವುದು, ಕೊನೆಗೆ ಎಲ್ಲರೂ ಸಾಲಾಗಿ ಕೂತು ಊಟ ಮಾಡುವುದು. "ನಿಮ್ಮ ಊರಿನ ಕಥೆಗಳಲ್ಲಿ ಒಬ್ಬ ಕೆಟ್ಟವನೂ ಇಲ್ಲವಲ್ಲಮ್ಮ, ಯಾಕೆ?" ಎಂದು ಕೇಳಿದರು. ಕೆಟ್ಟವನನ್ನು ಬರೆದರೆ ಅವನು ಬಂದು ನಮ್ಮ ಮನೆಯಲ್ಲೇ ಇರುತ್ತಾನೆ ಸರ್ ಎಂದೆ. ಅವರು ಅದನ್ನು ತಮಾಷೆ ಎಂದುಕೊಂಡು ನಕ್ಕರು. ಎದುರಾಳಿ ಇಲ್ಲದೆ ಕಥೆ ನಡೆಯುವುದಿಲ್ಲ ಎಂದರು.

ಅದು ನನಗೆ ಸರಿಯೆನಿಸಿತು. ಆದರೂ ಮನೆಗೆ ಬರುವವನು ತಾನೇ, ಸ್ವಲ್ಪ ಕೆಟ್ಟವನಾದರೆ ಸಾಕು ಎಂದು ಯೋಚಿಸಿದೆ. ಕೊಲೆಗಾರ ಬೇಡ, ಬೆಂಕಿ ಹಚ್ಚುವವನು ಬೇಡ. ಕೊನೆಗೆ ಮುಚ್ಚಳಗಳನ್ನು ಮಾತ್ರ ಕದಿಯುವ ಒಬ್ಬ ಕಳ್ಳನನ್ನು ಹುಟ್ಟಿಸಿದೆ. ಹುರಿ ಮೀಸೆ, ಕರಿ ನಿಲುವಂಗಿ, ಹೆಗಲ ಮೇಲೆ ಚೀಲದ ಹಗ್ಗ. ಹೆಸರಾದರೂ ಭಯಂಕರವಾಗಿರಲಿ ಎಂದು ಕರಾಳಕೇತು ಎಂದಿಟ್ಟೆ.

ಮೂರನೆಯ ದಿನ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಅವ್ವ ಒಲೆಯ ಮೇಲೆ ಉಪ್ಪಿಟ್ಟಿಗೆ ನೀರಿಟ್ಟಿದ್ದಳು. ಬಾಗಿಲಲ್ಲಿ ಅವನು ನಿಂತಿದ್ದ. "ನಾನು ಕರಾಳಕೇತು. ಎಲ್ಲರೂ ನಡುಗಿರಿ!" ಎಂದ. ಆ ಮಾತನ್ನು ನಾನೇ ಮೊದಲ ಪುಟಕ್ಕೆ ಬರೆದಿದ್ದೆ.

"ಬಾರಪ್ಪ, ಸದ್ಯ ನೀನಾದ್ರೂ ಬಂದೆ. ಕಾಲು ತೊಳ್ಕೊಂಡು ಒಳಗೆ ಬಾ" ಎಂದಳು ಅವ್ವ.

ಅವನು ಕಾಲು ತೊಳೆದುಕೊಂಡು ಬಂದ, ಬಾಣಲೆಯ ಮುಚ್ಚಳವನ್ನು ಎತ್ತಿ ಹೆಗಲ ಮೇಲಿಂದ ಹಿಂದಕ್ಕೆ ಎಸೆದ. ಬಿದ್ದ ಸದ್ದು ಕೇಳಲಿಲ್ಲ. ಹಿಂದೆ ನೋಡೋಣವೆಂದರೆ ಅವನಿಗೆ ಹಿಂದೆ ಇಲ್ಲ. ನಾನು ಚೀಲದ ಹಗ್ಗವನ್ನು ಬರೆದಿದ್ದೆ, ಚೀಲ ಬೆನ್ನಿನ ಕಡೆಗಿತ್ತು, ಅಲ್ಲಿಗೆ ಬಿದ್ದದ್ದು ಯಾರ ಕೈಗೂ ಸಿಗುವ ಹಾಗಿರಲಿಲ್ಲ. ಅವ್ವ ಬಾಣಲೆಯ ಮೇಲೆ ಊಟದ ತಟ್ಟೆ ಮುಚ್ಚಿದಳು.

ತಿಂಗಳಾಗುವಷ್ಟರಲ್ಲಿ ನಮ್ಮ ಬೀದಿಯಲ್ಲಿ ಮುಚ್ಚಳವೆಂಬುದು ಉಳಿಯಲಿಲ್ಲ. ಕೇತು ಕದ್ದುಮುಚ್ಚಿ ಕದಿಯುತ್ತಿರಲಿಲ್ಲ, ಅದು ಅವನಿಂದ ಆಗದ ಕೆಲಸ. ನಿಮ್ಮ ಮುಖವನ್ನೇ ನೋಡುತ್ತ, ಸ್ವಲ್ಪ ಸಂಕೋಚದಿಂದ ತೆಗೆದುಕೊಳ್ಳುತ್ತಿದ್ದ. ಅಷ್ಟು ಮರ್ಯಾದಸ್ಥನನ್ನು ಬೈಯಲು ಜನಕ್ಕೆ ಬಾಯಿ ಬರುತ್ತಿರಲಿಲ್ಲ. ಬೈಗುಳವೆಲ್ಲ ನನಗೆ ಬಂತು. ಜನ ತಟ್ಟೆ ಮುಚ್ಚಿದರು, ಮಣೆ ಮುಚ್ಚಿದರು, ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟಿದರು. ಪಕ್ಕದ ಮನೆಯ ಗೌಸಿಯಾ ಆಂಟಿ ಮದುವೆಮನೆಗಳಿಗೆ ಬಿರಿಯಾನಿ ಮಾಡಿಕೊಡುತ್ತಿದ್ದಳು. ಅವಳ ದೊಡ್ಡ ಹಂಡೆಯ ತಾಮ್ರದ ಮುಚ್ಚಳವೂ ಹೋಯಿತು. "ದಮ್ ಹಾಕೋಕೆ ಈಗ ಪರಾತ ಮೇಲೆ ಒರಳುಕಲ್ಲು ಹೇರ್ತಾ ಇದೀನಿ ಮಗಳೇ. ಸೊಂಟ ಬಿದ್ದೋಯ್ತು. ನನ್ನ ಅಮ್ಮೀ ಕಾಲದ ಮುಚ್ಚಳ ಅದು" ಎಂದು ನನ್ನ ಎದುರು ಕಣ್ಣೊರೆಸಿಕೊಂಡಳು.

ಇಷ್ಟೆಲ್ಲದರ ನಡುವೆ ಸುಖವಾಗಿದ್ದವನು ನಮ್ಮಪ್ಪ ಒಬ್ಬನೇ. ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಇಡೀ ದಿನ ಮೈಕಿನಲ್ಲಿ ಯಾವ ಬಸ್ಸು ಎಲ್ಲಿಗೆ ಹೊರಡುತ್ತದೆಂದು ಕೂಗಿ ಕೂಗಿ ಮನೆಗೆ ಬಂದರೆ ಉಪ್ಪು ಬೇಕಾದರೂ ಕೈಸನ್ನೆ ಮಾಡುತ್ತಿದ್ದ. ಅವನಿಗೆ ಗೆಳೆಯರಿರಲಿಲ್ಲ. ನಾನು ಹುಟ್ಟಿದಾಗಿನಿಂದ ಅವನನ್ನು ಹುಡುಕಿಕೊಂಡು ಯಾರೂ ಮನೆಗೆ ಬಂದದ್ದು ನನಗೆ ನೆನಪಿಲ್ಲ. ಕೇತು ಬಂದ ಎರಡನೆಯ ವಾರ, ಅಪ್ಪ ಸಂಜೆ ಜಗುಲಿಯ ಮೇಲೆ ಸುಣ್ಣದಕಡ್ಡಿಯಿಂದ ಚೌಕಾಬಾರದ ಮನೆ ಬರೆದು "ಬಾರೋ ಕೇತಪ್ಪ" ಎಂದು ಕರೆದ. ಅಂದಿನಿಂದ ದಿನಾ ಆಟ. ಕೇತುವಿನ ಮಾತು ಗಿಡ್ಡ, ಚಿತ್ರಕಥೆಯಲ್ಲಿ ಮಾತಿಗೆಂದು ನಾನು ಬಿಡುತ್ತಿದ್ದ ಗುಳ್ಳೆಯಲ್ಲಿ ಹಿಡಿಯುವಷ್ಟೇ. ಅಪ್ಪನಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು.

"ಅಲ್ಲಯ್ಯ, ಇಷ್ಟೊಂದು ಮುಚ್ಚಳ ಕದ್ದು ಏನು ಮಾಡ್ತೀಯ?" ಎಂದು ಅಪ್ಪ ಕವಡೆ ಕುಲುಕುತ್ತ ಕೇಳುತ್ತಿದ್ದ.

"ಅದನ್ನು ಇನ್ನೂ ಬರೆದಿಲ್ಲ."

"ನಿಮ್ಮೂರು ಯಾವ ಕಡೆ?"

"ಅದನ್ನೂ ಬರೆದಿಲ್ಲ."

"ಒಳ್ಳೇದಾಯ್ತು ಬಿಡು. ನನಗೆಲ್ಲಾ ಬರೆದುಬಿಟ್ಟವ್ರೆ, ಏನು ಸುಖ ಐತೆ?" ಎಂದು ಅಪ್ಪ ನಗುತ್ತಿದ್ದ. ಅಪ್ಪ ಗಟ್ಟಿಯಾಗಿ ನಗುವುದನ್ನು ನಾನು ಕೇಳಿದ್ದು ಅದೇ ಮೊದಲು. ಒಳಗೆ ಕೂತು ಪುಟಗಳಿಗೆ ಬಣ್ಣ ತುಂಬುತ್ತಿದ್ದ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಖುಷಿಯೂ ಆಗುತ್ತಿತ್ತು.

ಪುಸ್ತಕ ಮುಗಿಯುತ್ತ ಬಂದಾಗ ಪದ್ಮಪ್ರಭ ಸರ್ ನನ್ನ ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದರು. ಮೆಚ್ಚಿಕೊಂಡರು ಅಂತ ಕಾಣುತ್ತದೆ, ಕನ್ನಡಕ ತೆಗೆದರು.

"ಹಿಂಭಾಗ ಎಲ್ಲಿ?" ಎಂದರು.

"ನಮ್ಮಲ್ಲಿ ಬರೆಯಲ್ಲ ಸರ್. ಬರೆದ್ರೆ ಹೊರಟುಹೋಗ್ತಾರೆ."

"ಎದುರು, ಪಕ್ಕ, ಹಿಂದೆ, ಮೂರೂ ಇಲ್ಲದಿದ್ದರೆ ಅದು ಪಾತ್ರವಲ್ಲಮ್ಮ, ಗೋಡೆಗೆ ಅಂಟಿಸಿದ ಪೋಸ್ಟರು. ನಿನ್ನ ಕಳ್ಳ ಇಡೀ ಪುಸ್ತಕದಲ್ಲಿ ಬರುತ್ತಲೇ ಇದ್ದಾನೆ, ಒಂದು ಸಲವೂ ಹೋಗಿಲ್ಲ. ಕದ್ದವನು ಹೋಗಬೇಡವೇ? ಹೊರಗಿನ ಪರೀಕ್ಷಕರು ಬರುವಾಗ ಮೂರನೆಯ ಚಿತ್ರ ಇರಬೇಕು. ಇಲ್ಲದಿದ್ದರೆ ನಾನು ಪಾಸು ಮಾಡಲಾರೆ."

ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ವಾದ ಮಾಡಲು ಆಗಲಿಲ್ಲ. ಪುಸ್ತಕದಲ್ಲಿ ಏನೋ ಊನವಿದೆ ಎಂದು ನನಗೂ ಅನ್ನಿಸಿತ್ತು, ಅವರು ಅದರ ಮೇಲೆ ಬೆರಳಿಟ್ಟಿದ್ದರು.

ಪಠ್ಯಪುಸ್ತಕ ಕಚೇರಿಯವರು ಆ ವರ್ಷ ಚಿತ್ರ ಬರೆಯುವವರೊಬ್ಬರನ್ನು ತೆಗೆದುಕೊಳ್ಳುವವರಿದ್ದರು. ಅಲ್ಲಿ ಕೆಲಸ ಖಾಲಿಯಾಗುವುದು ಯಾರಾದರೂ ನಿವೃತ್ತರಾದಾಗ ಮಾತ್ರ. ಪಾಸಾದರೆ ಅದು ನನ್ನದೆಂದು ಚಿತ್ರಶಾಲೆಯಲ್ಲಿ ಎಲ್ಲರೂ ಹೇಳುತ್ತಿದ್ದರು, ಯಾಕೆಂದರೆ ಆ ವರ್ಷ ಮನೆಗೆ ಯಾರಾದರೂ ಬಂದಿದ್ದು ನನಗೊಬ್ಬಳಿಗೇ. ನಾನು ಮೂರು ವರ್ಷ ಬೇರೆ ಏನನ್ನೂ ಯೋಚಿಸಿರಲಿಲ್ಲ. ಮನೆಯಲ್ಲಿ ವಿಷಯ ಹೇಳಿದೆ.

"ಬರಿ ಮತ್ತೆ, ಏನು ಕಾಯ್ತಾ ಇದೀಯ?" ಎಂದಳು ಅವ್ವ. "ಬೆನ್ನು ಬಂದ್ರೆ ಚೀಲ ಬರ್ತತೆ. ಚೀಲ ಬಂದ್ರೆ ಮುಚ್ಚಳ ಬರ್ತವೆ. ನಿನಗೆ ಕೆಲಸನೂ ಸಿಗ್ತತೆ."

ಅದು ನನಗೆ ಹೊಳೆದಿರಲಿಲ್ಲ. ಅವ್ವನ ಮಾತು ಸಂಜೆಯೊಳಗೆ ಬೀದಿಯನ್ನೆಲ್ಲ ಸುತ್ತಿತು. ಗೌಸಿಯಾ ಆಂಟಿ ಒಂದು ಬಟ್ಟಲು ಫಿರ್ನಿ ಪಾಯಸ ತಂದುಕೊಟ್ಟು, ನನ್ನ ತಲೆ ಸವರಿ ಹೋದಳು.

ಎರಡು ದಿನ ಬಿಟ್ಟು ನಾನು ಕುಂಚ ತೊಳೆಯುವಾಗ ಅಪ್ಪ ಬಂದು ನಿಂತ. "ಬರೀಬ್ಯಾಡ ಅನ್ನಲ್ಲ ಕಣವ್ವ. ಮುಂದಿನ ವರ್ಷ ಬರೆದ್ರೆ ಆಗಲ್ವಾ?"

"ಮುಂದಿನ ವರ್ಷ ಕೆಲಸ ಇರುತ್ತಾ?"

"ಇರಲ್ಲ" ಎಂದ. ಮತ್ತೆ "ಹೌದು, ಇರಲ್ಲ" ಎಂದು ತನಗೇ ಹೇಳಿಕೊಂಡು ಹೋದ. ನನಗೆ ಅವನ ಮೇಲೆ ವಿಪರೀತ ಸಿಟ್ಟು ಬಂತು. ನನಗಾಗಿ ಅವನು ಒಂದು ದಿನವೂ ಹೀಗೆ ಬಂದು ನಿಂತವನಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಕೊನೆಗೆ ಕೇತುವನ್ನೇ ಕೇಳುವುದೆಂದು ನಿರ್ಧರಿಸಿದೆ. ಅವನು ನನ್ನ ಮಸಿಬಾಟಲಿಯ ಮುಚ್ಚಳವನ್ನು ಆಗತಾನೇ ಎಸೆದು ಮುಗಿಸಿ, ಗೋಡೆಗೆ ಒರಗಿ ನಿಂತಿದ್ದ.

"ಬೆನ್ನು ಬರೆಯಲಾ?" ಎಂದೆ.

"ಚೀಲದ ಭಾರ ತಿಳಿಯುತ್ತಿಲ್ಲ" ಎಂದ ಅವನು.

"ಅಂದರೆ?"

"ಇಷ್ಟು ಕದ್ದೆ. ಹೆಗಲಿಗೆ ಏನೂ ಅನ್ನಿಸುತ್ತಿಲ್ಲ."

"ಮುಚ್ಚಳಗಳನ್ನು ನೋಡಬೇಕಾ?"

"ಹೊರಬೇಕು" ಎಂದ.

ಅಷ್ಟು ದಿನ ಅವನನ್ನು ಇಟ್ಟುಕೊಳ್ಳಬೇಕೋ ಕಳುಹಿಸಬೇಕೋ ಎಂಬುದು ನಮ್ಮ ಮನೆಯ ವಿಷಯವೆಂದು ನಾನು ತಿಳಿದಿದ್ದೆ. ಅವನ ಮುಖದಲ್ಲಿ ಅಂಥದೊಂದು ಆಸೆ ಇರಬಹುದೆಂದು ನನಗೆ ಗೊತ್ತಿರಲಿಲ್ಲ, ಆ ಮುಖ ಬರೆದವಳು ನಾನೇ ಆದರೂ. ಸಂಜೆ ಅಪ್ಪನಿಗೆ ಹೇಳಿದೆ. ಅಪ್ಪನ ಅಂಗೈಯಲ್ಲಿ ಕವಡೆಗಳಿದ್ದವು. ಅವನು ಹಾಕಲಿಲ್ಲ, ಇಡಲೂ ಇಲ್ಲ.

"ಹಂಗಂದ್ನಾ?"

"ಹೂಂ."

"ಹಂಗಾದ್ರೆ ಬರಿ. ನಾನೂ ಬರ್ತೀನಿ ಆವತ್ತು."

ಪಾತ್ರವನ್ನು ಪರೀಕ್ಷಕರ ಎದುರು ತಂದು ನಿಲ್ಲಿಸಬೇಕೆಂಬುದು ನಮ್ಮ ಚಿತ್ರಶಾಲೆಯ ಹಳೆಯ ನಿಯಮ. ಬೆನ್ನನ್ನು ಮೊದಲೇ ಬರೆದರೆ ನಿಲ್ಲಿಸಲು ಯಾರೂ ಇರುವುದಿಲ್ಲ. ಹಾಗಾಗಿ ನಾನು ಪರೀಕ್ಷೆಯ ದಿನ, ಅಲ್ಲಿಯೇ, ಎಲ್ಲರ ಎದುರು ಬರೆಯುವುದೆಂದಾಯಿತು. ಪರೀಕ್ಷಕರು ದೂರದ ಊರಿನ ದಪ್ಪನೆಯ ಮನುಷ್ಯ, ಬಾಯಲ್ಲಿ ಲವಂಗ ಇಟ್ಟುಕೊಂಡಿದ್ದರು. ಕೇತುವನ್ನು ನೋಡಿ "ವೇಷ ಚೆನ್ನಾಗಿದೆ" ಎಂದರು. ನಮ್ಮ ಬೀದಿಯ ಹೆಂಗಸರು ಖಾಲಿ ಬ್ಯಾಗುಗಳನ್ನು ಹಿಡಿದು ಕಿಟಕಿಗಳ ಹೊರಗೆ ನೆರೆದಿದ್ದರು. ಅವ್ವ ಎಲ್ಲರಿಗಿಂತ ಮುಂದಿದ್ದಳು.

ಹಾಳೆಯ ಮುಂದೆ ಕೂತಾಗ ನನ್ನ ಕೈ ನಿಂತಿತು. ನಾನು ಯಾವತ್ತೂ ಬೆನ್ನು ಬರೆದವಳಲ್ಲ. ಹಿಂದಿನಿಂದ ಕಿವಿ ಹೇಗೆ ಕಾಣುತ್ತದೆ, ಕತ್ತಿನ ಕೂದಲು ಎಲ್ಲಿಗೆ ನಿಲ್ಲುತ್ತದೆ, ಒಂದೂ ಗೊತ್ತಿರಲಿಲ್ಲ. ತಲೆಯೆತ್ತಿದೆ. ಅಪ್ಪ ಬಾಗಿಲಲ್ಲಿ ಅಂಗಳದ ಕಡೆಗೆ ಮುಖ ಮಾಡಿ ನಿಂತಿದ್ದ, ಈ ಕಡೆ ನೋಡಲು ಅವನಿಗೆ ಮನಸ್ಸಿರಲಿಲ್ಲ. ಅವನ ಕತ್ತನ್ನು ನೋಡಿಕೊಂಡು ಕತ್ತು ಬರೆದೆ. ಒಂದು ಪಕ್ಕಕ್ಕೆ ಸ್ವಲ್ಪ ಇಳಿದ ಅವನ ಹೆಗಲನ್ನು ನೋಡಿಕೊಂಡು ಹೆಗಲು ಬರೆದೆ. ಅಲ್ಲಿಗೆ ಕೈ ಪಳಗಿತು. ಆಮೇಲೆ ಚೀಲಕ್ಕೆ ಬಂದೆ. ಪರೀಕ್ಷಕರು ನನ್ನ ಕುರ್ಚಿಯ ಹತ್ತಿರ ಬಗ್ಗಿ ನಿಂತಿದ್ದರು, ಲವಂಗದ ವಾಸನೆ ಬರುತ್ತಿತ್ತು. ಅವರಿಗೆ ತೋರಿಸಬೇಕೆಂಬ ಹುಮ್ಮಸ್ಸು ನನಗೆ. ಚೀಲವನ್ನು ಸೊಂಟದಿಂದ ಕೆಳಗೆ ಇಳಿಸಿದೆ, ಉಬ್ಬಿಸಿದೆ, ಒಳಗಿನ ಮುಚ್ಚಳಗಳ ಅಂಚು ಬಟ್ಟೆಯನ್ನು ಒತ್ತುವ ಹಾಗೆ ಒಂದೊಂದು ಮಡಿಕೆಗೂ ನೆರಳು ತುಂಬಿದೆ. ಆ ಭಾರಕ್ಕೆ ತಕ್ಕ ಹಾಗೆ ಬೆನ್ನನ್ನು ಬಗ್ಗಿಸಿದೆ.

ಕೊನೆಯ ಗೆರೆ ಎಳೆದಾಗ ಚೀಲ ತುಂಬಿದ ಸದ್ದಾಯಿತು. ನಮ್ಮ ಬೀದಿಯ ಮುಚ್ಚಳಗಳೆಲ್ಲ ಒಂದರ ಮೇಲೊಂದು ಬಿದ್ದ ಸದ್ದು. ಕೇತುವಿನ ಮೊಣಕಾಲು ಕುಸಿಯಿತು. ಅವನು ಗೋಡೆ ಹಿಡಿದು ಸಾವರಿಸಿಕೊಂಡು, ಹಗ್ಗವನ್ನು ಎರಡೂ ಕೈಯಿಂದ ಬಿಗಿಹಿಡಿದ. "ಈಗ ತಿಳಿಯಿತು" ಎಂದು ನನಗೆ ಹೇಳಿದ. ಅವನ ಮುಖದಲ್ಲಿ ಬೆವರಿತ್ತು. ಬೆವರನ್ನು ನಾನು ಯಾವ ಪುಟದಲ್ಲೂ ಬರೆದಿರಲಿಲ್ಲ. ಆಮೇಲೆ ತಿರುಗಿದ.

ಬಂದವರೊಬ್ಬರ ಬೆನ್ನನ್ನು ಅಲ್ಲಿದ್ದ ಯಾರೂ ಅದುವರೆಗೆ ಕಂಡಿರಲಿಲ್ಲ. ಕೇತು ಚೀಲವನ್ನು ಇಳಿಸುತ್ತಾನೆ, ಮುಚ್ಚಳಗಳನ್ನು ಸುರಿಯುತ್ತಾನೆ ಎಂದು ನಾವೆಲ್ಲ ಹೇಗೆ ನಂಬಿಕೊಂಡಿದ್ದೆವೋ ಗೊತ್ತಿಲ್ಲ. ಅವನು ಕಳ್ಳ, ಕದ್ದದ್ದನ್ನು ಹೊತ್ತುಕೊಂಡು ಬಾಗಿಲ ಕಡೆಗೆ ನಡೆದ. ಒಂದೊಂದು ಹೆಜ್ಜೆಗೂ ಚೀಲ ಅವನನ್ನು ಹಿಂದಕ್ಕೆ ಜಗ್ಗುತ್ತಿತ್ತು.

"ಯಾ ಅಲ್ಲಾ, ಅದು ನನ್ನ ಹಂಡೆ ಮುಚ್ಚಳ! ಅಂಚು ಕಾಣ್ತಾ ಐತೆ ನೋಡ್ರಿ!" ಎಂದು ಗೌಸಿಯಾ ಆಂಟಿ ಕೂಗಿದಳು. ಆದರೂ ಯಾರೂ ಮುಂದೆ ಬರಲಿಲ್ಲ. ಹೆಂಗಸರು ದಾರಿ ಬಿಟ್ಟರು.

ಬಾಗಿಲಲ್ಲಿದ್ದ ಅಪ್ಪ ಪಕ್ಕಕ್ಕೆ ಸರಿದ. ಕೇತು ಹೊಸ್ತಿಲು ದಾಟುವಾಗ ಚೀಲ ತಗುಲಿಕೊಂಡಿತು. ಅಪ್ಪ ಬಗ್ಗಿ ಎರಡೂ ಕೈಗಳನ್ನು ಅದರ ತಳಕ್ಕೆ ಕೊಟ್ಟು ಎತ್ತಿದ. ಹೊಸ್ತಿಲು ದಾಟಿದ ಮೇಲೂ ಕೈ ಬಿಡಲಿಲ್ಲ.

"ಅಯ್ಯೋ, ಇಳಿಸ್ಕಳ್ರೀ ಅಂದ್ರೆ ಹೊರಸ್ತಾ ಇದಾರಲ್ಲಪ್ಪ ಇವ್ರು! ಅದ್ರಾಗೆ ನಮ್ಮನೇವೂ ಅವೆ ಕಣ್ರೀ!" ಎಂದು ಅವ್ವ ಬಾಯಿ ಬಾಯಿ ಬಡಿದುಕೊಂಡಳು. ಅಪ್ಪನಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದನೋ. ಅಂಗಳ ದಾಟಿ, ಗೇಟು ದಾಟಿ, ಮುಂದೆ ಕೇತು, ಹಿಂದೆ ಚೀಲ ಆನಿಸಿಕೊಂಡು ಅಪ್ಪ, ಇಬ್ಬರೂ ಬಗ್ಗಿಕೊಂಡು ಹೋದರು. ಕೇತು ತಿರುಗಿ ನೋಡುತ್ತಾನೇನೋ ಎಂದು ಕಾದೆ. ನೋಡಲಿಲ್ಲ.

ಒಳಗೆ ಪದ್ಮಪ್ರಭ ಸರ್ ಕುರ್ಚಿಯಲ್ಲಿ ಕುಸಿದು ಕೂತಿದ್ದರು. ಪರೀಕ್ಷಕರು ಮಾತ್ರ ನನ್ನ ಹಾಳೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. "ಚೀಲ ನೋಡಿ ಸ್ವಾಮಿ, ಎಂಥ ಭಾರ ತಂದಿದ್ದಾಳೆ ಹುಡುಗಿ" ಎಂದರು. ಆ ಸಲದ ಅತಿ ಹೆಚ್ಚಿನ ಅಂಕ ನನಗೆ ಬಂತು.

ಅಪ್ಪ ಬಂದಾಗ ಸಂಜೆಯಾಗಿತ್ತು. ಅಂಗೈಗಳು ಕೆಂಪಗೆ ಕಂದಿದ್ದವು. ಬೈಯಬೇಕೆಂದು ಕಾದಿದ್ದ ಅವ್ವ ಕೈ ನೋಡಿ ಸುಮ್ಮನೆ ಹರಳೆಣ್ಣೆ ತಂದಿಟ್ಟಳು. ನಾನು ಅವನ ಪಕ್ಕದಲ್ಲಿ ಕೂತು ಪಾಸಾದ ಸುದ್ದಿ ಹೇಳಿದೆ. ಅಪ್ಪ ಎಣ್ಣೆ ಹತ್ತಿದ ಕೈಯಿಂದಲೇ ನನ್ನ ತಲೆ ಮುಟ್ಟಿದ. ಅವನಿಗೆ ನಿಜವಾಗಿ ಸಂತೋಷವಾಗಿತ್ತು.

"ಎಲ್ಲೀ ತನಕ ಹೋದ್ರಿ?" ಎಂದೆ.

"ಕಲ್ಲುಗಣಿ ದಾಟಿ ಏರು ಶುರುವಾಗ್ತತಲ್ಲ, ಅಲ್ಲೀ ಗಂಟ. ಸಾಕು ಹಿಂದಕ್ಕೆ ಹೋಗು ಅಂದ. ಕೈ ತೆಗೆದೆ." ಅಪ್ಪ ತನ್ನ ಅಂಗೈಗಳನ್ನು ನೋಡಿಕೊಂಡ. "ಏರಿನಾಗೆ ಎರಡು ಸಲ ಮುಗ್ಗರಿಸಿ ಬಿದ್ದ. ಎದ್ದು ಮತ್ತೆ ಹೊತ್ಕೊಂಡ. ಇಳಿಸಿ ಹೋಗಲೋ ಅಂತ ಕೂಗಿದೆ, ಕೇಳಲಿಲ್ಲ."

ನಾನು ಹರಳೆಣ್ಣೆಯ ಬಟ್ಟಲನ್ನು ಅವನ ಹತ್ತಿರ ಸರಿಸಿದೆ.

"ಚೀಲ ಅಷ್ಟು ದೊಡ್ಡದು ಬರೀಬೇಕಾಗಿತ್ತೇನವ್ವ?" ಎಂದು ಕೇಳಿದ. ಬೈಯುವ ದನಿಯಲ್ಲ, ಸುಮ್ಮನೆ ಕೇಳಿದ.

ಅಂಕ ಬಂದದ್ದೇ ಅದಕ್ಕೆ ಎಂದು ಅಪ್ಪನಿಗೆ ಹೇಳಲು ನನ್ನಿಂದ ಆಗಲಿಲ್ಲ.